ಸಾಫ್ಟ್‌ವೇರ್‌ನಿಂದ ಕ್ವಾಂಟ್ ಕೆಲಸಕ್ಕೆ: ಪ್ರೋಗ್ರಾಮರ್‌ಗಳಿಗೊಂದು ಸಮಗ್ರ ಮಾರ್ಗದರ್ಶಿ

ವೆಬ್ ಆ್ಯಪ್‌ನ ಕೋಡ್ ಕೆಟ್ಟರೆ ಸರ್ವರ್ ಬೀಳುತ್ತದೆ, ಎಚ್ಚರಿಕೆ ಬರುತ್ತದೆ, ಯಾರೋ ನಿದ್ದೆಗಣ್ಣಲ್ಲೇ ಎದ್ದು ಸರಿಮಾಡುತ್ತಾರೆ. ಆಪ್ಶನ್ (ಮುಂದೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಅಥವಾ ಮಾರುವ ಹಕ್ಕು) ಬೆಲೆ ಲೆಕ್ಕ ಹಾಕುವ ಕೋಡ್ ಕೆಟ್ಟರೆ ಏನೂ ಬೀಳುವುದಿಲ್ಲ. 10.45 ಬರಬೇಕಾದ ಕಡೆ 11.77 ಬರುತ್ತದೆ. ನೋಡಲು ಅದೂ ಒಂದು ಸಭ್ಯ ಸಂಖ್ಯೆಯೇ, ಅದನ್ನು ನಂಬಿ ಟ್ರೇಡಿಂಗ್ ಡೆಸ್ಕ್‌ನಲ್ಲಿ ಕೂತವರು ವ್ಯಾಪಾರ ಮಾಡಿಬಿಡುತ್ತಾರೆ. ಸಾಫ್ಟ್‌ವೇರ್ ಬಿಟ್ಟು ಕ್ವಾಂಟ್ ಕೆಲಸಕ್ಕೆ (ಗಣಿತ ಮತ್ತು ಕೋಡ್ ಬಳಸಿ ಹಣಕಾಸಿನ ಬೆಲೆ, ರಿಸ್ಕ್, ವ್ಯಾಪಾರದ ಲೆಕ್ಕ ಹಾಕುವ ಕೆಲಸ) ಹೋಗುವವರು ಹೊಸದಾಗಿ ಕಲಿಯಬೇಕಾದ್ದರಲ್ಲಿ ಮುಕ್ಕಾಲು ಪಾಲು ಇದೇ: ಎರರ್ ಇಲ್ಲದೆ ಓಡಿದ ಪ್ರೋಗ್ರಾಂ ಕೊಟ್ಟ ತಪ್ಪು ಸಂಖ್ಯೆಯನ್ನು ಹಿಡಿಯುವುದು.

ಈ ಬರಹ ಮೂರರಿಂದ ಹತ್ತು ವರ್ಷ ಕೋಡ್ ಬರೆದಿರುವ, ಇರುವ ಕೆಲಸ ಬಿಡದೆ ವಾರಕ್ಕೆ ಹತ್ತು ಗಂಟೆ ಓದಿಗೆ ಕೊಡಬಲ್ಲವರಿಗೆ. ಆ ವೇಗದಲ್ಲಿ ಒಂದೂಕಾಲು ವರ್ಷ ಹಿಡಿಯುತ್ತದೆ ಎಂದುಕೊಳ್ಳಿ. ಮೂರೇ ತಿಂಗಳಲ್ಲಿ ಕ್ವಾಂಟ್ ಮಾಡಿ ಕಳಿಸುತ್ತೇವೆ ಎನ್ನುವ ಕೋರ್ಸುಗಳಿಗೆ ದುಡ್ಡು ಸುರಿಯಬೇಡಿ.

ಹಂತ 1: ಯಾವ ಬಾಗಿಲು ಎಂದು ಮೊದಲೇ ತೀರ್ಮಾನಿಸಿ

ಕ್ವಾಂಟ್ ಅಂದರೆ ಒಂದೇ ಕೆಲಸವಲ್ಲ. ಒಂದೇ ಹೆಸರಿನಡಿ ಕನಿಷ್ಠ ನಾಲ್ಕು ಬಗೆಯ ಜನ ಇದ್ದಾರೆ.

ಕ್ವಾಂಟ್ ಡೆವಲಪರ್‌ಗಳು ಬೆಲೆ ಕಟ್ಟುವ ಲೈಬ್ರರಿ, ರಿಸ್ಕ್ ಎಂಜಿನ್, ಟ್ರೇಡಿಂಗ್ ಸಿಸ್ಟಂ ಕಟ್ಟುತ್ತಾರೆ. ಪ್ರೋಗ್ರಾಮರ್‌ಗೆ ತೀರಾ ಹತ್ತಿರದ ಬಾಗಿಲು ಇದು. ಮಾಡೆಲ್ ವ್ಯಾಲಿಡೇಶನ್‌ನವರು ಬೇರೆಯವರು ಕಟ್ಟಿದ ಮಾಡೆಲನ್ನು ಸ್ವತಂತ್ರವಾಗಿ ಮತ್ತೆ ಕಟ್ಟಿ, ಎಲ್ಲಿ ಮುರಿಯುತ್ತದೆ ನೋಡುತ್ತಾರೆ. 2011ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಮಾಡೆಲ್ ರಿಸ್ಕ್ (ಮಾಡೆಲ್ ತಪ್ಪಿದರೆ ಆಗುವ ನಷ್ಟದ ಅಪಾಯ) ಬಗ್ಗೆ ಮಾರ್ಗಸೂಚಿ ಹೊರಡಿಸಿ, ಕಟ್ಟಿದವರೇ ಪರೀಕ್ಷಿಸಿದರೆ ಸಾಲದು ಎಂದ ಮೇಲೆ ಈ ತಂಡಗಳು ದೊಡ್ಡದಾದವು. ಬೆಂಗಳೂರಿನಲ್ಲೂ ಇಂಥ ತಂಡಗಳು ಸಾಕಷ್ಟಿವೆ. ಡೆಸ್ಕ್ ಕ್ವಾಂಟ್‌ಗಳು (ಕೆಲವು ಬ್ಯಾಂಕುಗಳಲ್ಲಿ ಇವರನ್ನು ಸ್ಟ್ರಾಟ್ ಎನ್ನುತ್ತಾರೆ) ಟ್ರೇಡರ್ ಪಕ್ಕದಲ್ಲೇ ಕೂತು ಮಾಡೆಲ್ ಬರೆಯುತ್ತಾರೆ. ಕ್ವಾಂಟ್ ರಿಸರ್ಚರ್‌ಗಳು ಯಾವ ಸುಳಿವಿನಿಂದ ಲಾಭ ಬರುತ್ತದೆ ಎಂದು ಹುಡುಕುತ್ತಾರೆ. ಈ ಕೊನೆಯ ಹುದ್ದೆಗೆ ಪಿಎಚ್‌ಡಿ, ಒಲಿಂಪಿಯಾಡ್, ಐಐಟಿಯ ಹೊಸ ಪದವೀಧರರ ಜೊತೆ ಸ್ಪರ್ಧೆ. ಎಂಟು ವರ್ಷ ಜಾವಾ ಬರೆದವರು ನೇರವಾಗಿ ಅಲ್ಲಿಗೆ ಅರ್ಜಿ ಹಾಕಿ ನಿರಾಶರಾಗುವುದು ಮಾಮೂಲು. ಡೆವಲಪರ್ ಆಗಿ ಒಳಗೆ ಸೇರಿ, ಎರಡು ಮೂರು ವರ್ಷಕ್ಕೆ ಒಳಗಿಂದೊಳಗೇ ಸರಿಯುವುದು ಮೇಲು.

ಊರಿನ ಲೆಕ್ಕವೂ ಇದೆ. ಬೆಂಗಳೂರು ದೊಡ್ಡ ಬ್ಯಾಂಕುಗಳ ಕೇಂದ್ರಗಳ ಊರು. ಗೋಲ್ಡ್‌ಮನ್ ಸ್ಯಾಕ್ಸ್ ಇಲ್ಲಿಗೆ ಬಂದದ್ದು 2004ರಲ್ಲಿ, ಜೆಪಿ ಮಾರ್ಗನ್, ಮಾರ್ಗನ್ ಸ್ಟ್ಯಾನ್ಲಿ, ವೆಲ್ಸ್ ಫಾರ್ಗೊ ಎಲ್ಲವೂ ಇವೆ. ಸ್ವಂತ ದುಡ್ಡಿನಲ್ಲಿ ವೇಗದ ವ್ಯಾಪಾರ ಮಾಡುವ ಕಂಪನಿಗಳು ಹೆಚ್ಚಾಗಿ ಗುರುಗ್ರಾಮ ಮತ್ತು ಮುಂಬೈನಲ್ಲಿವೆ. ಮನೆ ಬಿಡಲಾಗದವರು ಬ್ಯಾಂಕಿನ ದಾರಿಯನ್ನೇ ಹಿಡಿಯಬೇಕಾಗಬಹುದು.

ಹಲವರ ಕಣ್ಣಿಗೆ ಬೀಳದ ಒಂದು ದಾರಿ: ಇಂಥದೇ ಬ್ಯಾಂಕಿನ ಟೆಕ್ನಾಲಜಿ ವಿಭಾಗದಲ್ಲಿ ಈಗಾಗಲೇ ಇದ್ದರೆ, ಹೊರಗೆ ಹತ್ತು ಕಡೆ ಅರ್ಜಿ ಹಾಕುವ ಮೊದಲು ಒಳಗಿನ ವರ್ಗಾವಣೆ ಕೇಳಿ. ರಿಸ್ಕ್ ತಂಡದವರು ಹಾಕಿದ ಟಿಕೆಟ್‌ಗಳನ್ನು ಆರು ತಿಂಗಳು ಮುತುವರ್ಜಿಯಿಂದ ಮುಗಿಸಿಕೊಟ್ಟವರನ್ನು ಆ ತಂಡದವರೇ ಎಳೆದುಕೊಳ್ಳುತ್ತಾರೆ.

ಹಂತ 2: ಗಣಿತ, ಆದರೆ ಸರಿಯಾದ ಕ್ರಮದಲ್ಲಿ

ಹೊಸಬರು ಮಾಡುವ ಮೊದಲ ತಪ್ಪು, ಸ್ಟೊಕ್ಯಾಸ್ಟಿಕ್ ಕ್ಯಾಲ್ಕುಲಸ್‌ನಿಂದ (ಯಾದೃಚ್ಛಿಕವಾಗಿ ಬದಲಾಗುವ ಪ್ರಮಾಣಗಳ ಕ್ಯಾಲ್ಕುಲಸ್) ಶುರುಮಾಡುವುದು. ಮೂರನೇ ವಾರಕ್ಕೆ ಪುಸ್ತಕ ಮೂಲೆ ಸೇರುತ್ತದೆ. ಕ್ರಮ ಹೀಗಿರಲಿ: ಸಂಭವನೀಯತೆಗೆ ನಾಲ್ಕು ತಿಂಗಳು, ಸಂಖ್ಯಾಶಾಸ್ತ್ರ ಮತ್ತು ಲೀನಿಯರ್ ಆಲ್ಜೀಬ್ರಾಗೆ ಸೇರಿ ನಾಲ್ಕು, ಆಮೇಲೆ ಎರಡು ತಿಂಗಳು ಇಟೊ ಸೂತ್ರ (ಸ್ಟೊಕ್ಯಾಸ್ಟಿಕ್ ಕ್ಯಾಲ್ಕುಲಸ್‌ನ ಮೂಲ ನಿಯಮ) ಮತ್ತು ಆಪ್ಶನ್‌ಗೆ ಬೆಲೆ ಕಟ್ಟುವ ಬ್ಲ್ಯಾಕ್-ಶೋಲ್ಸ್ ಸೂತ್ರ. ಉಳಿದ ಸಮಯ ಪ್ರಾಜೆಕ್ಟ್‌ಗೆ.

ಸಂಭವನೀಯತೆ ಬಂತೋ ಇಲ್ಲವೋ ಎಂದು ಒಂದೇ ಲೆಕ್ಕದಿಂದ ಪರೀಕ್ಷಿಸಿಕೊಳ್ಳಬಹುದು. ನಾಣ್ಯ ಚಿಮ್ಮುತ್ತ ಹೋಗಿ. ಸತತ ಎರಡು ಹೆಡ್ ಬರಲು ಸರಾಸರಿ ಎಷ್ಟು ಸಲ ಚಿಮ್ಮಬೇಕು? ಹೆಡ್ ಆದ ಕೂಡಲೇ ಟೇಲ್ ಬರಲು ಎಷ್ಟು? ಎರಡಕ್ಕೂ ಉತ್ತರ ಒಂದೇ ಎಂದು ಮನಸ್ಸು ಹೇಳುತ್ತದೆ. ಮೊದಲನೆಯದಕ್ಕೆ 6, ಎರಡನೆಯದಕ್ಕೆ 4. ಒಂದು ಹೆಡ್ ಬಿದ್ದ ಮೇಲೆ ಇನ್ನೊಂದು ಹೆಡ್ ಬೇಕಿದ್ದು ಟೇಲ್ ಬಿದ್ದರೆ ಮೊದಲಿನಿಂದ ಶುರು; ಟೇಲ್ ಬೇಕಿದ್ದು ಹೆಡ್ ಬಿದ್ದರೆ ಆ ಹೆಡ್ ಕೈಯಲ್ಲೇ ಉಳಿಯುತ್ತದೆ. ಕಾಗದದ ಮೇಲೆ ಎರಡು ಸ್ಥಿತಿ ಬರೆದು ಎರಡು ಸಮೀಕರಣ ಬಿಡಿಸಿದರೆ ಮುಗಿಯಿತು. ಈ ಬಗೆಯ ಲೆಕ್ಕ ಹತ್ತು ನಿಮಿಷದಲ್ಲಿ, ಯಾರದೋ ಮುಂದೆ ಮಾತಾಡುತ್ತ ಬಿಡಿಸಲು ಬರುವವರೆಗೆ ಮುಂದಕ್ಕೆ ಹೋಗಬೇಡಿ.

ಸಂಖ್ಯಾಶಾಸ್ತ್ರದಲ್ಲಿ ರಿಗ್ರೆಶನ್ ಮುಖ್ಯ; ಅದಕ್ಕಿಂತ ಮುಖ್ಯ, ಫಲಿತಾಂಶ ಅದೃಷ್ಟದ್ದೋ ನಿಜದ್ದೋ ಎಂದು ಕೇಳುವ ಅಭ್ಯಾಸ. ದಿನಕ್ಕೆ ಸರಾಸರಿ ಶೇ. 0.05 ಲಾಭ, ದಿನದ ಏರಿಳಿತ (ಮಾನಕ ವಿಚಲನೆ) ಶೇ. 1 ಇರುವ ತಂತ್ರ ನಿಮ್ಮಲ್ಲಿದೆ ಎನ್ನಿ. ಲಾಭವನ್ನು ಏರಿಳಿತದಿಂದ ಭಾಗಿಸಿ, ವರ್ಷಕ್ಕೆ 252 ವಹಿವಾಟಿನ ದಿನ ಹಿಡಿದು, ಅದರ ವರ್ಗಮೂಲ 15.87ರಿಂದ ಗುಣಿಸಿದರೆ ಶಾರ್ಪ್ ಅನುಪಾತ (ಏರಿಳಿತಕ್ಕೆ ಹೋಲಿಸಿದ ಲಾಭದ ಅಳತೆ) 0.79. ಚೆನ್ನಾಗಿದೆ ಅನ್ನಿಸುತ್ತದೆ. ನಾಲ್ಕು ವರ್ಷದ ಡೇಟಾ ಇದ್ದರೆ ಟಿ-ಮೌಲ್ಯ (ಫಲಿತಾಂಶ ಬರೀ ಅದೃಷ್ಟವಲ್ಲ ಎನ್ನಲು ಸಾಮಾನ್ಯವಾಗಿ ಎರಡು ದಾಟಬೇಕಾದ ಅಳತೆ) ಬರೀ 1.6; ಎರಡು ದಾಟಬೇಕಾದರೆ ಆರು ವರ್ಷಕ್ಕೂ ಹೆಚ್ಚಿನ ಡೇಟಾ ಬೇಕು. ಇನ್ನೊಂದು ಕಡೆಯಿಂದ ನೋಡಿ: ಒಂದಕ್ಕೊಂದು ಸಂಬಂಧವಿಲ್ಲದ, ಕವಡೆ ಕಿಮ್ಮತ್ತಿಲ್ಲದ ನೂರು ತಂತ್ರಗಳನ್ನು ಒಂದು ವರ್ಷದ ಡೇಟಾ ಮೇಲೆ ಓಡಿಸಿದರೆ ಅವುಗಳಲ್ಲಿ ಅತ್ಯುತ್ತಮದ ಶಾರ್ಪ್ ಸರಾಸರಿ 2.5ರ ಹತ್ತಿರ ಬರುತ್ತದೆ. ಅದೊಂದನ್ನೇ ತೋರಿಸಿ ಉಳಿದ ತೊಂಬತ್ತೊಂಬತ್ತನ್ನು ಮುಚ್ಚಿಟ್ಟರೆ ಯಾರು ಬೇಕಾದರೂ ಮರುಳಾಗುತ್ತಾರೆ, ಮುಚ್ಚಿಟ್ಟವರೂ ಸೇರಿ. ಎಷ್ಟು ಪ್ರಯತ್ನ ಮಾಡಿದಿರಿ ಎಂಬುದನ್ನು ಮೊದಲ ದಿನದಿಂದ ಬರೆದಿಡಿ.

ಹಂತ 3: ಒಂದು ಆಪ್ಶನ್‌ಗೆ ಬೆಲೆ ಕಟ್ಟಿ, ಮೂರು ದಾರಿಯಲ್ಲಿ

ಇದು ಮೊದಲ ಪ್ರಾಜೆಕ್ಟ್. ಷೇರಿನ ಬೆಲೆ 100, ಸ್ಟ್ರೈಕ್ (ಆಪ್ಶನ್‌ನಲ್ಲಿ ನಿಗದಿಯಾದ ಬೆಲೆ) 100, ಅವಧಿ ಒಂದು ವರ್ಷ, ಬಡ್ಡಿ ಶೇ. 5, ವೊಲಾಟಿಲಿಟಿ (ಬೆಲೆಯ ವಾರ್ಷಿಕ ಏರಿಳಿತ) ಶೇ. 20, ಡಿವಿಡೆಂಡ್ ಇಲ್ಲ. 1973ರ ಬ್ಲ್ಯಾಕ್-ಶೋಲ್ಸ್ ಸೂತ್ರದಲ್ಲಿ ಕಾಲ್ ಆಪ್ಶನ್ (ಕೊಳ್ಳುವ ಹಕ್ಕು) ಬೆಲೆ 10.45, ಪುಟ್ (ಮಾರುವ ಹಕ್ಕು) 5.57. ಮೊದಲ ತಪಾಸಣೆ ಇಲ್ಲೇ ಮಾಡಿ: ಕಾಲ್‌ನಿಂದ ಪುಟ್ ಕಳೆದರೆ 4.88. ಷೇರಿನ ಬೆಲೆಯಿಂದ ಸ್ಟ್ರೈಕ್‌ನ ಇಂದಿನ ಮೌಲ್ಯ 95.12 ಕಳೆದರೂ 4.88. ಎರಡೂ ಹೊಂದದಿದ್ದರೆ ಕೋಡ್‌ನಲ್ಲಿ ಎಲ್ಲೋ ತಪ್ಪಿದೆ.

ಎರಡನೆಯದು ಮಾಂಟೆ ಕಾರ್ಲೊ. ಹತ್ತು ಸಾವಿರ ಕಾಲ್ಪನಿಕ ಬೆಲೆಗಳನ್ನು ಹುಟ್ಟಿಸಿ, ಕಾಲ್‌ನ ಗಳಿಕೆಯ ಸರಾಸರಿ ತೆಗೆದು, ಬಡ್ಡಿಯಿಂದ ಇಂದಿನ ಮೌಲ್ಯಕ್ಕೆ ಇಳಿಸಿ. ಹುಟ್ಟಿಸುವಾಗ ಘಾತದಲ್ಲಿ ಬಡ್ಡಿಯಿಂದ ವೊಲಾಟಿಲಿಟಿಯ ವರ್ಗದ ಅರ್ಧವನ್ನು ಕಳೆಯಬೇಕು: 0.05ರಿಂದ 0.02 ಕಳೆದು 0.03. ಇಟೊ ಸೂತ್ರವನ್ನು ಓದದೆ ಹಾರಿಸಿದವರು ಇದನ್ನು ಮರೆಯುತ್ತಾರೆ, ಆಗ ಬರುವುದೇ ಮೇಲೆ ಹೇಳಿದ 11.77. ಹಿಡಿಯುವ ಉಪಾಯ ಸುಲಭ. ಹುಟ್ಟಿಸಿದ ಬೆಲೆಗಳ ಸರಾಸರಿಯನ್ನು ಇಂದಿನ ಮೌಲ್ಯಕ್ಕೆ ಇಳಿಸಿ ನೋಡಿ, 100 ಬರಬೇಕು. 102.02 ಬಂದರೆ ಆ ಅರ್ಧ ಬಿಟ್ಟುಹೋಗಿದೆ. ಈ ತಪಾಸಣೆಯನ್ನು ಯೂನಿಟ್ ಟೆಸ್ಟ್ ಆಗಿ ಬರೆದಿಡಿ.

ಹತ್ತು ಸಾವಿರ ಬೆಲೆಗಳಿಗೆ ಸ್ಟ್ಯಾಂಡರ್ಡ್ ಎರರ್ ಸುಮಾರು 0.147. ಅಂದರೆ 10.2 ಬಂದರೂ 10.7 ಬಂದರೂ ಗಾಬರಿ ಬೇಡ. ಎರರ್ ಹತ್ತು ಪಟ್ಟು ಕಡಿಮೆ ಆಗಬೇಕಾದರೆ ಬೆಲೆಗಳು ನೂರು ಪಟ್ಟು, ಅಂದರೆ ಹತ್ತು ಲಕ್ಷ ಬೇಕು. ಸಂಖ್ಯೆಯ ಪಕ್ಕದಲ್ಲಿ ಎರರ್ ಬರೆಯದ ಮಾಂಟೆ ಕಾರ್ಲೊ ಫಲಿತಾಂಶವನ್ನು ಸಂದರ್ಶನದಲ್ಲಿ ತೋರಿಸಬೇಡಿ.

ಡೆಲ್ಟಾ (ಷೇರು ಒಂದು ರೂಪಾಯಿ ಏರಿದರೆ ಆಪ್ಶನ್ ಬೆಲೆ ಎಷ್ಟು ಬದಲಾಗುತ್ತದೆ ಎಂಬುದು) ಲೆಕ್ಕದಲ್ಲಿ ಇನ್ನೊಂದು ಗುಂಡಿ ಇದೆ. ಷೇರಿನ ಬೆಲೆಯನ್ನು ಒಂದು ಪೈಸೆ ಮೇಲೆ, ಒಂದು ಪೈಸೆ ಕೆಳಗೆ ಸರಿಸಿ, ಎರಡು ಆಪ್ಶನ್ ಬೆಲೆಗಳ ವ್ಯತ್ಯಾಸವನ್ನು ಎರಡು ಪೈಸೆಯಿಂದ ಭಾಗಿಸುತ್ತೀರಿ. 0.637 ಬರಬೇಕು. ಎರಡೂ ಸಲ ಬೇರೆ ಬೇರೆ ಯಾದೃಚ್ಛಿಕ ಸಂಖ್ಯೆ ಬಳಸಿದರೆ −8 ಬರಬಹುದು, 12 ಕೂಡ ಬರಬಹುದು, 0.147ರ ಎರರ್ ಎರಡು ಸಲ ಸೇರಿ 0.02ರಿಂದ ಭಾಗವಾಗುವುದರಿಂದ ತಪ್ಪಿನ ಗಾತ್ರವೇ ಹತ್ತರ ಆಸುಪಾಸು. ಎರಡೂ ಓಟಕ್ಕೆ ಒಂದೇ ಸೀಡ್ ಕೊಡಿ, ಗದ್ದಲ ಅಡಗುತ್ತದೆ.

ಮೂರನೆಯದು ಬೈನಾಮಿಯಲ್ ಟ್ರೀ (ಪ್ರತಿ ಹೆಜ್ಜೆಗೂ ಬೆಲೆ ಮೇಲೆ ಅಥವಾ ಕೆಳಗೆ ಹೋಗುವ ಮರ) ಅಥವಾ ಫೈನೈಟ್ ಡಿಫರೆನ್ಸ್ (ಬೆಲೆಯ ಸಮೀಕರಣವನ್ನು ಸಣ್ಣ ಹೆಜ್ಜೆಗಳಲ್ಲಿ ಬಿಡಿಸುವುದು). ಇಲ್ಲಿ ಅವಧಿ ಮುಗಿಯುವ ಮೊದಲೂ ಬಳಸಬಹುದಾದ ಅಮೆರಿಕನ್ ಪುಟ್ ಸೇರಿಸಿ. ಅದರ ಬೆಲೆ ಕೊನೆಯ ದಿನ ಮಾತ್ರ ಬಳಸಬಹುದಾದ ಯುರೋಪಿಯನ್ ಪುಟ್‌ಗಿಂತ ಕಡಿಮೆ ಬಂದರೆ ನಿಲ್ಲಿಸಿ ಹುಡುಕಿ. ಕೊನೆಗೆ 2000ದಿಂದ ಬೆಳೆದುಬಂದ ಮುಕ್ತ ಲೈಬ್ರರಿ ಕ್ವಾಂಟ್‌ಲಿಬ್ ಕೊಡುವ ಉತ್ತರದ ಜೊತೆ ಹೋಲಿಸಿ.

ಮಾಡೆಲ್‌ನ ಊಹೆಗಳೂ ಮುರಿಯುತ್ತವೆ. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾತೈಲದ ಫ್ಯೂಚರ್ಸ್ (ಮುಂದಿನ ತಾರೀಖಿಗೆ ಈಗಲೇ ಬೆಲೆ ಗೊತ್ತುಮಾಡುವ ಒಪ್ಪಂದ) ಬ್ಯಾರೆಲ್‌ಗೆ −37.63 ಡಾಲರ್‌ಗೆ ಮುಗಿಯಿತು. ನಮ್ಮ ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್ ಕೂಡ ತನ್ನ ಕಚ್ಚಾತೈಲದ ಕಾಂಟ್ರ್ಯಾಕ್ಟನ್ನು −2,884 ರೂಪಾಯಿಗೆ ಇತ್ಯರ್ಥ ಮಾಡಿತು. ಋಣ ಸಂಖ್ಯೆಗೆ ಲಾಗರಿದಮ್ ಇಲ್ಲ, ಹಾಗಾಗಿ ಬೆಲೆ ಸದಾ ಧನ ಎಂದು ನಂಬಿದ್ದ ಸೂತ್ರಗಳು ಕೆಲಸಕ್ಕೆ ಬಾರದಾದವು. ಅಮೆರಿಕದ ಸಿಎಂಇ ಎಕ್ಸ್‌ಚೇಂಜ್ ಆ ವಾರವೇ ತೈಲದ ಆಪ್ಶನ್‌ಗಳ ಲೆಕ್ಕವನ್ನು ಋಣ ಬೆಲೆಯನ್ನೂ ಒಪ್ಪುವ ಬ್ಯಾಶೆಲಿಯರ್ ಮಾಡೆಲ್‌ಗೆ ಬದಲಾಯಿಸಿತು. ನಿಮ್ಮ ಕೋಡ್‌ಗೂ ಆ ಮಾಡೆಲ್ ಸೇರಿಸಿ; ಹೆಚ್ಚೆಂದರೆ ಇಪ್ಪತ್ತು ಸಾಲು.

ಹಂತ 4: ಬ್ಯಾಕ್‌ಟೆಸ್ಟ್, ಅಂದರೆ ಡೇಟಾ ಜೊತೆ ಜಗಳ

ಎರಡನೇ ಪ್ರಾಜೆಕ್ಟ್, ಒಂದು ತಂತ್ರವನ್ನು ಹಳೆಯ ಬೆಲೆಗಳ ಮೇಲೆ ಓಡಿಸಿ ನೋಡುವುದು. ಅದಕ್ಕೆ ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇ ದಿನವೂ ಪ್ರಕಟಿಸುವ ಭಾವ್‌ಕಾಪಿ (ಆ ದಿನದ ಬೆಲೆಗಳ ಪಟ್ಟಿ) ಕಡತ ಸಾಕು. 2014ರಿಂದ ಈಚಿನದನ್ನೆಲ್ಲ ಇಳಿಸಿಕೊಳ್ಳಿ. 2024ರ ಜುಲೈನಲ್ಲಿ ಕಡತದ ವಿನ್ಯಾಸವೇ ಬದಲಾಗಿದೆ, ಹಾಗಾಗಿ ಎರಡು ಪಾರ್ಸರ್ ಬರೆಯಬೇಕಾಗುತ್ತದೆ. ಶನಿವಾರ ಮಾರುಕಟ್ಟೆ ಇರುವುದಿಲ್ಲ ಎಂದು ಕೋಡ್‌ನಲ್ಲಿ ಬರೆದಿದ್ದರೆ ಅಳಿಸಿ: 2024ರ ಮಾರ್ಚ್ 2, ಬಜೆಟ್ ಮಂಡನೆಯಾದ 2025ರ ಫೆಬ್ರವರಿ 1, ಎರಡೂ ಶನಿವಾರ, ಎರಡೂ ದಿನ ವಹಿವಾಟು ನಡೆದಿದೆ. ದೀಪಾವಳಿಯ ಮುಹೂರ್ತ ವಹಿವಾಟು ಬೇರೆ.

ಈಗ ನಿಜವಾದ ಬಲೆಗಳು. ಇನ್ಫೋಸಿಸ್ 2014ರ ಡಿಸೆಂಬರ್, 2015ರ ಜೂನ್, 2018ರ ಸೆಪ್ಟೆಂಬರ್‌ನಲ್ಲಿ ಒಂದಕ್ಕೊಂದು ಬೋನಸ್ ಷೇರು ಕೊಟ್ಟಿತು. ಭಾವ್‌ಕಾಪಿಯಲ್ಲಿ ಮೂರು ಸಲವೂ ಬೆಲೆ ರಾತ್ರೋರಾತ್ರಿ ಅರ್ಧ. ಕೈಯಲ್ಲಿದ್ದ ಒಂದು ಷೇರು ಎಂಟಾಗಿದ್ದು ಕೋಡ್‌ಗೆ ಗೊತ್ತಿಲ್ಲ. ಅದರ ಪಾಲಿಗೆ ಇನ್ಫೋಸಿಸ್ ಮೂರು ಸಲ ಶೇ. 50 ಕುಸಿದಿದೆ. ಬಿದ್ದದ್ದನ್ನು ಕೊಳ್ಳುವ ತಂತ್ರವಾದರೆ ಅದು ಖುಷಿಯಿಂದ ಕೊಳ್ಳುತ್ತದೆ. ಒಂದೇ ದಿನದಲ್ಲಿ ಶೇ. 20ಕ್ಕಿಂತ ಹೆಚ್ಚು ಬದಲಾದ ಪ್ರತಿ ಸಾಲನ್ನೂ ಹೊರತೆಗೆದು, ಬೋನಸ್, ಸ್ಪ್ಲಿಟ್ (ಷೇರು ಒಡೆಯುವುದು), ಡಿಮರ್ಜರ್ (ಕಂಪನಿ ಒಡೆಯುವುದು) ಪಟ್ಟಿಯ ಜೊತೆ ಕೈಯಾರೆ ಹೋಲಿಸಿ. ಬೇಸರದ ಕೆಲಸ, ಬೇರೆ ದಾರಿಯಿಲ್ಲ.

ಇಂದಿನ ನಿಫ್ಟಿ 50ರ ಪಟ್ಟಿ ಹಿಡಿದು ಹತ್ತು ವರ್ಷ ಹಿಂದಿನಿಂದ ಪರೀಕ್ಷಿಸುವುದು ಎರಡನೇ ಬಲೆ. ಆ ಪಟ್ಟಿಯಲ್ಲಿ ಯೆಸ್ ಬ್ಯಾಂಕ್ ಇಲ್ಲ, ಅದು 2020ರ ಮಾರ್ಚ್‌ನಲ್ಲಿ ಸೂಚ್ಯಂಕದಿಂದ ಹೊರಬಿತ್ತು. ಇನ್ನೂ ಹಿಂದಕ್ಕೆ ಹೋದರೆ, ಸತ್ಯಂ 2009ರ ಜನವರಿಯಲ್ಲೇ ಹೋಯಿತು. ಸೋತವರೆಲ್ಲ ಮೊದಲೇ ಕಾಣೆಯಾದ ಪಟ್ಟಿಯಲ್ಲಿ ಯಾವ ತಂತ್ರವೂ ಗೆಲ್ಲುತ್ತದೆ. ಆಯಾ ದಿನದಂದು ಸೂಚ್ಯಂಕದಲ್ಲಿ ಯಾರಿದ್ದರೋ ಅವರನ್ನೇ ಬಳಸಿ.

ಮೂರನೆಯದು, ಇವತ್ತಿನ ಮುಕ್ತಾಯದ ಬೆಲೆ ನೋಡಿ ಅದೇ ಬೆಲೆಗೆ ಕೊಂಡಂತೆ ಲೆಕ್ಕ ಹಾಕುವುದು. ಹಳೆಯ ಕಡತಗಳಲ್ಲಿರುವ ಎನ್‌ಎಸ್‌ಇ ಮುಕ್ತಾಯದ ಬೆಲೆ ಕೊನೆಯ ವಹಿವಾಟಿನದಲ್ಲ, ಕೊನೆಯ ಅರ್ಧ ಗಂಟೆಯ ತೂಕದ ಸರಾಸರಿ. ಅದು ಗೊತ್ತಾಗುವಷ್ಟರಲ್ಲಿ ಮಾರುಕಟ್ಟೆ ಮುಚ್ಚಿರುತ್ತದೆ. ಪ್ಯಾಂಡಾಸ್‌ನಲ್ಲಿ ಸಿಗ್ನಲ್ ಇರುವ ಕಾಲಂ ಅನ್ನು ಒಂದು ದಿನ ಮುಂದಕ್ಕೆ ತಳ್ಳಿದರೆ ಸಾಕು. ತಳ್ಳಿದ ಕೂಡಲೇ ಲಾಭ ಮಾಯವಾದರೆ, ಅಲ್ಲಿ ಲಾಭ ಇರಲೇ ಇಲ್ಲ.

ಖರ್ಚು ಕೊನೆಯಲ್ಲಿ ಸೇರಿಸುವ ಚಿಲ್ಲರೆ ವಿಷಯವಲ್ಲ. ಡೆಲಿವರಿ (ಅದೇ ದಿನ ಮಾರದೆ ಇಟ್ಟುಕೊಳ್ಳುವ) ಷೇರುಗಳಿಗೆ ಎಸ್‌ಟಿಟಿ (ಷೇರು ವಹಿವಾಟಿನ ಮೇಲಿನ ತೆರಿಗೆ) ಕೊಳ್ಳುವಾಗ ಶೇ. 0.1, ಮಾರುವಾಗ ಶೇ. 0.1. ವಾರಕ್ಕೊಮ್ಮೆ ಇಡೀ ಪೋರ್ಟ್‌ಫೋಲಿಯೊ ಬದಲಾಯಿಸುವ ತಂತ್ರಕ್ಕೆ ವರ್ಷದ ಐವತ್ತು ಸುತ್ತಿನಲ್ಲಿ ಎಸ್‌ಟಿಟಿಯೊಂದೇ ಶೇ. 10 ತಿನ್ನುತ್ತದೆ, ಬ್ರೋಕರೇಜ್, ಸ್ಟ್ಯಾಂಪ್ ಶುಲ್ಕ, ಕೊಳ್ಳುವ-ಮಾರುವ ಬೆಲೆಗಳ ಅಂತರ ಇನ್ನೂ ಲೆಕ್ಕಕ್ಕೆ ಬಂದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆ ನಿಯಂತ್ರಕ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್-ಆಪ್ಶನ್‌ಗಳಲ್ಲಿ ವಹಿವಾಟು ಮಾಡಿದ ಬಿಡಿ ಹೂಡಿಕೆದಾರರಲ್ಲಿ ಶೇ. 93 ಮಂದಿ ನಷ್ಟಪಟ್ಟಿದ್ದಾರೆ. ಸ್ವಂತ ದುಡ್ಡು ಹಾಕಿ ಕಲಿಯುತ್ತೇನೆ ಎನ್ನುವ ಮೊದಲು ಈ ಸಂಖ್ಯೆ ನೆನಪಿರಲಿ. ಕೆಲಸ ಸಿಗಲು ಟ್ರೇಡಿಂಗ್ ಖಾತೆಯ ಲಾಭ ಬೇಕಿಲ್ಲ. ಖರ್ಚೆಲ್ಲ ಕಳೆದ ಮೇಲೆ ಈ ತಂತ್ರ ನಿಲ್ಲುವುದಿಲ್ಲ, ಕಾರಣ ಇಂತಿಂಥದು ಎಂದು ತೀರ್ಮಾನಿಸುವ ನಾಲ್ಕು ಪುಟದ ವರದಿಗೆ ಹೆಚ್ಚು ಬೆಲೆ.

ಹಂತ 5: ನಿಮ್ಮ ಹಳೆಯ ಕಸುಬು ಇಲ್ಲಿ ಬಂಡವಾಳ

ಪೈಥಾನ್ ಎಲ್ಲರಿಗೂ ಬೇಕು. ಬೆಲೆ ಕಟ್ಟುವ ಲೈಬ್ರರಿ, ವೇಗದ ವ್ಯಾಪಾರ ಎರಡಕ್ಕೂ ಸಿ++ ಬೇಕು, ಅದೂ ಸಿ++17ಕ್ಕಿಂತ ಈಚಿನದು. ಕ್ಯಾಶ್ ಲೈನ್ 64 ಬೈಟ್ ಏಕೆ ಮುಖ್ಯ, ಹಾಟ್ ಪಾತ್‌ನಲ್ಲಿ (ಮತ್ತೆ ಮತ್ತೆ ಓಡುವ, ವೇಗ ಮುಖ್ಯವಾದ ಕೋಡ್) ಮೆಮೊರಿ ಕೇಳಬಾರದು ಏಕೆ, ಎರಡು ಥ್ರೆಡ್‌ಗಳು ಒಂದೇ ಲೈನನ್ನು ಮುಟ್ಟಿದರೆ ಏನಾಗುತ್ತದೆ, ಇವನ್ನು ಅಳೆದು ತೋರಿಸಲು ಬರಬೇಕು. ಈ ಉದ್ಯಮದಲ್ಲಿ ಬಳಸುವ ಡೇಟಾಬೇಸ್ ಕೆಡಿಬಿ ಮತ್ತು ಅದರ ಕ್ಯೂ ಭಾಷೆಯನ್ನು ಕೆಲಸಕ್ಕೆ ಸೇರಿದ ಮೇಲೆ ಕಲಿತರಾಯಿತು.

ಆದರೆ ಗಣಿತದ ಪದವೀಧರರ ಮುಂದೆ ನಿಮ್ಮ ಕೈ ಮೇಲಾಗುವುದು ಭಾಷೆಯಿಂದಲ್ಲ. ರಿಲೀಸ್, ಟೆಸ್ಟ್, ರೋಲ್‌ಬ್ಯಾಕ್‌ನ ಶಿಸ್ತಿನಿಂದ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಕಂಪನಿಯ ಹೊಸ ಕೋಡ್ ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಮಾತ್ರ ಹೋಗಿತ್ತು. ಎಂಟನೆಯದರಲ್ಲಿ ವರ್ಷಗಳಿಂದ ಬಳಸದ ಹಳೆಯ ಕೋಡ್ ಹಾಗೇ ಇತ್ತು. ಅದನ್ನು ಎಬ್ಬಿಸುತ್ತಿದ್ದ ಫ್ಲ್ಯಾಗನ್ನೇ ಹೊಸ ಕೆಲಸಕ್ಕೆ ಮರುಬಳಕೆ ಮಾಡಿದ್ದರು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ನಷ್ಟು ಹೋಯಿತು. ಗಣಿತದಲ್ಲಿ ತಪ್ಪೇ ಇರಲಿಲ್ಲ. ಸಂದರ್ಶನದಲ್ಲಿ ಇಂಥ ಪ್ರಕರಣದ ಬಗ್ಗೆ ಹತ್ತು ನಿಮಿಷ ಮಾತಾಡಬಲ್ಲ ಪ್ರೋಗ್ರಾಮರ್‌ನನ್ನು ಯಾರೂ ಕಡೆಗಣಿಸುವುದಿಲ್ಲ.

ಹಂತ 6: ಸರ್ಟಿಫಿಕೇಟ್ ಬೇಕೇ

ರಿಸ್ಕ್ ಅಥವಾ ವ್ಯಾಲಿಡೇಶನ್ ಕಡೆ ಹೋಗುವುದಾದರೆ ಎಫ್‌ಆರ್‌ಎಂ (ರಿಸ್ಕ್ ನಿರ್ವಹಣೆಯ ಪರೀಕ್ಷೆ) ಮೊದಲ ಭಾಗ ಉಪಯೋಗಕ್ಕೆ ಬರುತ್ತದೆ. ಹೂಡಿಕೆ ವಿಶ್ಲೇಷಕರ ಸಿಎಫ್‌ಎ ಒಳ್ಳೆಯ ಪರೀಕ್ಷೆಯೇ, ಈ ಕೆಲಸಕ್ಕಲ್ಲ. ನಮ್ಮ ಮಾರುಕಟ್ಟೆಯ ಮಾರ್ಜಿನ್, ಸೆಟಲ್‌ಮೆಂಟ್, ಕಾಂಟ್ರ್ಯಾಕ್ಟ್‌ಗಳ ವ್ಯವಸ್ಥೆ ತಿಳಿಯಲು ಸೆಬಿಯ ಶಿಕ್ಷಣ ಸಂಸ್ಥೆ ಎನ್‌ಐಎಸ್‌ಎಂನ ಈಕ್ವಿಟಿ ಡೆರಿವೇಟಿವ್ಸ್ ಪರೀಕ್ಷೆಯ ಓದು ಅಗ್ಗ, ಸಾಕು ಕೂಡ. ರಿಸರ್ಚರ್ ಆಗಲೇಬೇಕೆಂದು ಹಟವಿದ್ದು, ವಯಸ್ಸು ಇಪ್ಪತ್ತೇಳರೊಳಗಿದ್ದರೆ ಮಾತ್ರ ಪೂರ್ಣಾವಧಿ ಎಂ.ಎಸ್ಸಿ., ಎಂ.ಟೆಕ್. ಬಗ್ಗೆ ಯೋಚಿಸಿ, ಐಎಸ್‌ಐ (ಭಾರತೀಯ ಸಾಂಖ್ಯಿಕ ಸಂಸ್ಥೆ), ಐಐಎಸ್‌ಸಿಗಳ ಗಣಿತದ ತಳಹದಿ ಯಾವ ಸರ್ಟಿಫಿಕೇಟಿಗೂ ದೂರದ ಮಾತು.

ಹಂತ 7: ರೆಸ್ಯೂಮೆ, ಸಂದರ್ಶನ

ರೆಸ್ಯೂಮೆ ಒಂದೇ ಪುಟ. "ಮೈಕ್ರೊಸರ್ವಿಸ್‌ಗಳನ್ನು ಅಭಿವೃದ್ಧಿಪಡಿಸಿದೆ" ಎಂಬ ಸಾಲು ಇಲ್ಲಿ ಯಾರಿಗೂ ಏನೂ ಹೇಳುವುದಿಲ್ಲ. ಸೆಕೆಂಡಿಗೆ ಎಷ್ಟು ಸಂದೇಶ, 99ನೇ ಶತಾಂಶದಲ್ಲಿ ಎಷ್ಟು ಮೈಕ್ರೊಸೆಕೆಂಡ್, ಮೊದಲು ಎಷ್ಟಿತ್ತು ಎಂದು ಬರೆಯಿರಿ. ಮೇಲಿನ ಎರಡು ಪ್ರಾಜೆಕ್ಟ್‌ಗಳನ್ನು ಗಿಟ್‌ಹಬ್‌ನಲ್ಲಿ ಇಡಿ. ಮುಖಪುಟದ ಟಿಪ್ಪಣಿಯಲ್ಲಿ ತಪಾಸಣೆಗಳ ಪಟ್ಟಿಯೇ ಮೊದಲು ಬರಲಿ. ಈಗಿನ ಕಂಪನಿಯ ಒಂದು ಸಾಲು ಕೋಡ್ ಕೂಡ ಅಲ್ಲಿ ಇರಕೂಡದು. ಈ ಉದ್ಯಮದಲ್ಲಿ ಅದು ಕೋರ್ಟಿನವರೆಗೆ ಹೋಗುತ್ತದೆ.

ಸಂದರ್ಶನದಲ್ಲಿ ಸಾಮಾನ್ಯವಾಗಿ ಕೋಡಿಂಗ್, ಸಂಭವನೀಯತೆ, ಸ್ವಂತ ಪ್ರಾಜೆಕ್ಟ್ ಮೂರೂ ಇರುತ್ತವೆ. ದಾಳದ ಪ್ರಶ್ನೆ ಹಳೆಯದು, ಈಗಲೂ ಕೇಳುತ್ತಾರೆ: ಬಿದ್ದ ಸಂಖ್ಯೆಯಷ್ಟು ರೂಪಾಯಿ ಸಿಗುತ್ತದೆ, ಇಷ್ಟವಾಗದಿದ್ದರೆ ಇನ್ನೊಂದು ಸಲ ಉರುಳಿಸಬಹುದು, ಆಟದ ಬೆಲೆ ಎಷ್ಟು? ಒಂದೇ ಸಲವಾದರೆ 3.50. ಎರಡನೇ ಅವಕಾಶವಿದ್ದರೆ 4, 5, 6 ಇಟ್ಟುಕೊಂಡು ಉಳಿದದ್ದನ್ನು ಮತ್ತೆ ಉರುಳಿಸಬೇಕು, ಬೆಲೆ 4.25. ಮೂರನೇ ಅವಕಾಶವೂ ಇದ್ದರೆ ಮೊದಲ ಸಲ 5, 6 ಮಾತ್ರ ಇಟ್ಟುಕೊಳ್ಳಬೇಕು, ಬೆಲೆ 4.67. ಕೊನೆಯ ಅವಕಾಶದಿಂದ ಶುರುಮಾಡಿ ಹಿಂದಕ್ಕೆ ಲೆಕ್ಕ ಹಾಕುವ ಈ ಕ್ರಮವೇ ಅಮೆರಿಕನ್ ಆಪ್ಶನ್‌ಗೂ ಬಳಸುವುದು ಎಂದು ನೀವಾಗಿಯೇ ಹೇಳಿದರೆ ಎದುರಿನವರ ಮುಖ ಅರಳುತ್ತದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಧೈರ್ಯದಿಂದ ತಪ್ಪು ಸಂಖ್ಯೆ ಹೇಳುವವರಿಗೇ ಈ ಉದ್ಯಮ ಹೆದರುವುದು.

ಹಂತ 8: ಆಫರ್ ಕೈಗೆ ಬಂದಾಗ

ಐಟಿ ಕಂಪನಿಗಳಲ್ಲಿ ತೊಂಬತ್ತು ದಿನದ ನೋಟಿಸ್ ಸಾಮಾನ್ಯ, ಹೊಸ ಕಂಪನಿಯವರು ಅಷ್ಟು ದಿನ ಕಾಯುತ್ತಾರೆಯೇ ಎಂದು ಮೊದಲ ಸುತ್ತಿನಲ್ಲೇ ಕೇಳಿ. ವೇತನದಲ್ಲಿ ಬೋನಸ್ ಪಾಲು ದೊಡ್ಡದಾಗಿರುತ್ತದೆ. ಮೊದಲ ವರ್ಷದ್ದು ಖಾತ್ರಿಯೇ, ಎಷ್ಟು ಭಾಗ ತಡೆದು ಕೊಡುತ್ತಾರೆ, ನಡುವೆ ಬಿಟ್ಟರೆ ವಾಪಸ್ ಕೇಳುತ್ತಾರೆಯೇ ಎಂಬುದು ಕಾಗದದ ಮೇಲೆ ಇರಬೇಕು. ಟ್ರೇಡಿಂಗ್ ಕಂಪನಿಗಳಲ್ಲಿ ಬಿಟ್ಟ ಮೇಲೆ ಕೆಲವು ತಿಂಗಳು ಸ್ಪರ್ಧಿಗಳ ಬಳಿ ಸೇರಬಾರದೆಂಬ ಷರತ್ತು ಇರುತ್ತದೆ. ಆ ಅವಧಿಗೆ ಸಂಬಳ ಬರುತ್ತದೆಯೇ ನೋಡಿಕೊಳ್ಳಿ.

ಸಹಿ ಹಾಕುವ ಮೊದಲು ಸ್ವಂತ ವಹಿವಾಟಿನ ನಿಯಮವನ್ನೂ ಓದಿ. ಕೊಳ್ಳುವ ಮೊದಲು ಅನುಮತಿ, ಕೊಂಡ ಮೇಲೆ ಕನಿಷ್ಠ ಇಷ್ಟು ದಿನ ಮಾರುವಂತಿಲ್ಲ, ಫ್ಯೂಚರ್ಸ್-ಆಪ್ಶನ್ ನಿಷೇಧ, ಇವು ಹಲವೆಡೆ ಇವೆ. ಕಲಿಯುವಾಗ ಬರೆದ ಸ್ವಂತ ಟ್ರೇಡಿಂಗ್ ಬಾಟ್ ಓಡುತ್ತಿದ್ದರೆ ಸೇರುವ ದಿನಕ್ಕೆ ಮೊದಲೇ ನಿಲ್ಲಿಸಿ, ತೆರೆದಿರುವ ಪೊಸಿಶನ್‌ಗಳನ್ನು ಮುಚ್ಚಿ, ಇರುವ ಷೇರುಗಳ ಪಟ್ಟಿ ಘೋಷಿಸಿ. ಗಂಡ ಅಥವಾ ಹೆಂಡತಿಯ ಡಿಮ್ಯಾಟ್ ಖಾತೆಗೂ ಸಾಮಾನ್ಯವಾಗಿ ಇದೇ ನಿಯಮ ಅನ್ವಯಿಸುತ್ತದೆ, ಮನೆಯಲ್ಲಿ ಮೊದಲೇ ಹೇಳಿಡಿ.